ಕಾಗದಕ್ಕೆ ಕುಡಿಸಿದ ಎಣ್ಣೆ

"ಇದನ್ನ ಮೂಸಿ ನೋಡ್ರಿ," ಎಂದು ಆಮ್ರಪಾಲಿ ಫಿಲ್ಟರನ್ನು ಎಎಸ್‌ಐ ರಾಚಪ್ಪನ ಮೂಗಿನ ಕೆಳಗೆ ಹಿಡಿದಳು.

ರಾಚಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಇಸ್ತ್ರಿಯ ಅಂಗಿಗೆ ಕಲೆ ಬೀಳುವುದೊಂದನ್ನು ಬಿಟ್ಟರೆ ಅವನಿಗೆ ಲೋಕದಲ್ಲಿ ಬೇರೆ ಯಾವ ಭಯವೂ ಇರಲಿಲ್ಲ.

"ಆಯಿಲ್ ವಾಸನಿ ಐತ್ರಿ ಮೇಡಂರ. ಗಾಡಿ ಅಂದಮ್ಯಾಲೆ ಆಯಿಲ್ ಇರಾಕ ಬೇಕಲ್ಲ?"

"ಎಂಜಿನ್ನಿನಾಗ ಇರಬೇಕು. ಗಾಳಿ ಸೋಸೂ ಕಾಗದದಾಗಲ್ಲ."

"ಕಾಗದಕ್ಕ ಎಣ್ಣಿ ಹತ್ತಿದ್ರ ಏನಾತ್ರಿ? ಮಿರ್ಚಿ ಭಜಿ ಕಟ್ಟಿದ ಪೇಪರಿಗೂ ಹತ್ತಿರತೈತಿ."

"ಆ ಭಜಿ ಪೇಪರ್ ಮೂಗಿಗಿ ಕಟ್ಟಿಕೊಂಡ ಓಡ್ರಿ. ಎಷ್ಟ ದೂರ ಹೋಗ್ತೀರಿ ನೋಡೂಣು."

ರಾಚಪ್ಪ ನಕ್ಕ. ತನ್ನನ್ನೇ ಅಂದದ್ದು ಎಂದು ತಿಳಿದ ಮೇಲೆ ನಗು ನಿಲ್ಲಿಸಿದ. ನಡುವೆ ಸಾಕಷ್ಟು ಹೊತ್ತು ಹೋಯಿತು.

ಎಂಟು ದಿನದ ಹಿಂದೆ, ಮುಂಜಾನೆ ಹತ್ತರ ಸುಮಾರಿಗೆ, ಹುಕ್ಕೇರಿ ದಾರಿಯ ಈ ಹೊರಠಾಣೆಯಿಂದ ಎರಡು ಕಿಲೋಮೀಟರ್ ಆಚೆ, ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಹೋದ ಕೆಂಪು ಟರ್ಬೊ ಕಾರು ನಡುರಸ್ತೆಯಲ್ಲಿ ಉಸಿರುಗಟ್ಟಿ, ಎದುರು ಬಂದ ಲಾರಿಗೆ ಸಿಕ್ಕಿತ್ತು. ಓಡಿಸುತ್ತಿದ್ದ ಕೇದಾರಿ ಅಲ್ಲೇ ಸತ್ತ. ಮೂಡಲಗಿಯ ಶಾಲಾ ಮಾಸ್ತರ, ಮೂವತ್ನಾಲ್ಕು ವರ್ಷ. ಕಾರು ಅವನ ಹೆಂಡತಿ ಶೋಭಾಳ ತಮ್ಮ ಶಿವಕುಮಾರನದು. ಕೇದಾರಿ ಹೊರಟಿದ್ದು ಹುಕ್ಕೇರಿ ಕೋರ್ಟಿಗೆ. ಕಾಲುವೆ ಬಾಜೂ ಹೊಲದ ಬಾಂದುಕಲ್ಲು ಸರಿಸಿದ ಖಟ್ಲೆಯಲ್ಲಿ, ಸರಿಸಿದವನ ವಿರುದ್ಧ ಸಾಕ್ಷಿ ಹೇಳಲು. ಸರಿಸಿದವನು ಶೋಭಾಳ ಅಪ್ಪ, ಬೆಲ್ಲದ ವ್ಯಾಪಾರಿ ಪರಪ್ಪ.

ಇಷ್ಟೆಲ್ಲ ಕಣ್ಣ ಮುಂದೆ ಇಟ್ಟುಕೊಂಡು ರಾಚಪ್ಪ ಹಿಡಿದು ತಂದದ್ದು ಗೋಕಾಕದ ಮೆಕ್ಯಾನಿಕ್ ಹನಮಂತನನ್ನು. ಕೋತಿ ಉಂಡು ಮೇಕೆಯ ಬಾಯಿಗೆ ಒರೆಸಬೇಕಾದರೆ ಹತ್ತಿರ ಒಂದು ಮೇಕೆ ಇರಬೇಕು. ಕಾರಿಗೆ ಹೊಸ ಗಾಳಿ ಪೈಪು ಕೂಡಿಸಿದವನು ಹನಮಂತ. ಸಾಕಾಯಿತು.

ಆಮ್ರಪಾಲಿ ಪಂಚನಾಮೆಯ ಪ್ರತಿಯನ್ನು ಮತ್ತೊಮ್ಮೆ ಓದಿದಳು. 'ಸದರಿ ಮೆಕ್ಯಾನಿಕನು ಕೂಡಿಸಿದ ಹಲ್ಕಾ ದರ್ಜೆಯ ಪೈಪು ಓಟದಲ್ಲಿ ಕಳಚಿ ಬಿದ್ದು ವಾಹನವು ಬಂದ್ ಬಿದ್ದಿದ್ದರಿಂದ...' ಅಕ್ಷರ ದುಂಡಗಿತ್ತು. ಬರೆದವನು ಬಾನೆಟ್ಟಿನೊಳಗೆ ಬಗ್ಗಿ ನೋಡಿರಲಿಲ್ಲ. ಬಗ್ಗಿದರೆ ಇಸ್ತ್ರಿ ಮುರಿಯುತ್ತಿತ್ತು.

ಅವಳ ಕೆಲಸ ವಿಮಾ ಕಂಪನಿಗಳಿಗಾಗಿ ಅಪಘಾತದ ಗಾಡಿಗಳನ್ನು ಪರೀಕ್ಷಿಸಿ ವರದಿ ಕೊಡುವುದು. ಹುಟ್ಟಿದ್ದು ಮಮದಾಪುರ, ಓದಿದ್ದು ಆಟೊಮೊಬೈಲ್ ಎಂಜಿನಿಯರಿಂಗ್, ಆಫೀಸು ಗೋಕಾಕದ ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ. ಆರು ವರ್ಷದಲ್ಲಿ ನಾಲ್ಕು ನೂರು ಗಾಡಿ ನೋಡಿದ್ದಳು. ಗಾಡಿಗಳು ಅವಳಿಗೆ ಸುಳ್ಳು ಹೇಳಿರಲಿಲ್ಲ.

"ಬರ್ರಿ ಇಲ್ಲೆ," ಎಂದು ಅಂಗಳದಲ್ಲಿದ್ದ ನುಜ್ಜುಗುಜ್ಜಾದ ಕಾರಿನ ಬಳಿಗೆ ರಾಚಪ್ಪನನ್ನು ಕರೆದಳು. "ಈ ಕ್ಲಿಪ್ಪಿನ ಸ್ಕ್ರೂ ಮ್ಯಾಲೆ ಹಳದಿ ಗೆರಿ ಕಾಣತೈತೇನು?"

"ಕಾಣತೈತ್ರಿ."

"ಹನಮಂತ ಸ್ಕ್ರೂ ಬಿಗದ ಮ್ಯಾಲೆ ಬಣ್ಣದ ಗೆರಿ ಎಳೀತಾನ. ಅರ್ಧ ಗೆರಿ ಸ್ಕ್ರೂ ಮ್ಯಾಲೆ, ಅರ್ಧ ಕ್ಲಿಪ್ಪಿನ ಮ್ಯಾಲೆ. ಯಾರರ ಬಿಚ್ಚಿದ್ರ ಗೆರಿ ತಪ್ಪತೈತಿ. ಇಲ್ಲಿ ತಪ್ಪಿಲ್ಲ. ಕ್ಲಿಪ್ಪಿನ ಕೆಳಗ ಪೈಪಿನ ತುಂಡ ಇನ್ನೂ ಕಚ್ಚಿಕೊಂಡೈತಿ. ಪೈಪ್ ಕಳಚಿಲ್ಲ ಸಾಹೇಬ್ರ, ಲಾರಿ ಬಡದಾಗ ಹರದೈತಿ."

"ಹಂಗಾರ?"

"ಹಂಗಾರ ಈಗ ಫಿಲ್ಟರ್ ಡಬ್ಬಿ ನೋಡ್ರಿ. ಮುಚ್ಚಳಕ್ಕ ಐದ ಸ್ಕ್ರೂ. ಐದೂ ಗೆರಿ ತಪ್ಯಾವು."

ಹನಮಂತ ಗಾಡಿ ಕೊಟ್ಟ ಮೇಲೆ ಯಾರೋ ಆ ಡಬ್ಬಿ ತೆರೆದಿದ್ದರು. ಕಾಗದದ ಫಿಲ್ಟರಿಗೆ ಕಪ್ಪು, ದಪ್ಪ ಆಯಿಲ್ ಕುಡಿಸಿ, ಮತ್ತೆ ಮುಚ್ಚಿ, ಐದೂ ಸ್ಕ್ರೂ ಬಿಗಿದಿದ್ದರು. ಮೆಲ್ಲಗೆ ಓಡಿಸಿದರೆ ಗಾಡಿ ಹೇಗೋ ಉಸಿರಾಡಿಕೊಂಡು ಬಂದೀತು. ಆದರೆ ಟರ್ಬೊ ಎಂಜಿನ್ನು ಜೋರು ಕೊಟ್ಟ ಕೂಡಲೇ ಗಾಳಿಯನ್ನು ಕುಡಿಯುವುದಿಲ್ಲ, ಎಳೆದು ನುಂಗುತ್ತದೆ. ಆಗ ನೆನೆದ ಕಾಗದ ಮಡಿಕೆ ಬಿದ್ದು, ಹರಿದು, ಒಳಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕಾಗದದ ಚೂರು ಅವಳಿಗೆ ಟರ್ಬೊದ ಬಾಯಲ್ಲೇ ಸಿಕ್ಕಿತ್ತು. ಉಗುರಿನಷ್ಟು.

"ಇದನ್ನ ಪಂಚನಾಮಿಯೊಳಗ ಸೇರಿಸ್ರಿ."

"ಪಂಚನಾಮಿ ಮುಗದೈತ್ರಿ. ನಿಮ್ಮ ವರದಿ ಕೊಡ್ರಿ, ಅದನ್ನ ಹಚ್ಚೂಣು." ರಾಚಪ್ಪ ಗಡಿಯಾರ ನೋಡಿದ. "ಆದ್ರ ಐದರ ಒಳಗ ಬರಬೇಕ್ರಿ. ಇವತ್ತ ಕೋರ್ಟ್ ಸೂಟಿ, ಐದಕ್ಕ ಆ ಹನಮಂತನ್ನ ಜಡ್ಜ್ ಸಾಹೇಬ್ರ ಮನಿಗಿ ಒಯ್ಯವರ ನಾವು. ಅಲ್ಲಿಂದ ಸೀದಾ ಜೇಲು. ಆಮ್ಯಾಲೆ ನೀವು ಏನ್ ತಂದ್ರೂ ವರ್ಷಗಟ್ಟಲೆ ವಕೀಲರ ತಿಂತಾರ."

ಹತ್ತೂವರೆಯಾಗಿತ್ತು.

ಹೊರಠಾಣೆಯ ಹಿಂದಿನ ಕೋಣೆಯಲ್ಲಿ ಹನಮಂತ ಬಾಕಿನ ತುದಿಗೆ ಕೂತಿದ್ದ. ಬಾಗಿಲ ಹೊರಗೆ ಅವನ ಹೆಂಡತಿ ಗುಡ್ಡವ್ವ ತೊಳೆದ ಅಂಗಿಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಬಿಟ್ಟ ಕೂಡಲೇ ಹಾಕಿಕೊಳ್ಳಲಿ ಎಂದು ತಂದಿದ್ದಳಂತೆ. ನಿನ್ನೆ ಸಂಜೆಯಿಂದ ಹಾಗೇ ಕೂತಿದ್ದಳು.

ಆಮ್ರಪಾಲಿಯನ್ನು ಕಂಡು ಹನಮಂತ ಎದ್ದು ನಿಂತ. ತನ್ನ ಗತಿ ಏನೆಂದು ಕೇಳಲಿಲ್ಲ.

"ಸಿಲಿಕಾನ್ ಪೈಪ್ ಉಳದೈತೇನ್ರಿ ಅಕ್ಕಾರ?"

"ಹರದೈತಿ. ಜೋಡು ಕ್ಲಿಪ್ ಜಾಗಾ ಬಿಟ್ಟಿಲ್ಲ."

"ಬಿಡೂದಿಲ್ರಿ ಅವು," ಎಂದ. ಮುಖದಲ್ಲಿ ಒಂದು ಕ್ಷಣ ಗ್ಯಾರೇಜಿನವನ ಹೆಮ್ಮೆ ಬಂದು ಹೋಯಿತು.

ಮಾಡಿದ ಕೆಲಸವನ್ನು ಅವನು ಬೆರಳು ಮಡಿಚಿ ಎಣಿಸದೆಯೇ ಒಂದೊಂದಾಗಿ ಹೇಳಿದ. ಶಿವಕುಮಾರ ವಿಡಿಯೋ ನೋಡಿ ಬಂದಿದ್ದ. ಬಾನೆಟ್ ಎತ್ತಿದರೆ ಕೆಂಪಗೆ ಕಾಣಬೇಕು, ಆಕ್ಸಿಲರೇಟರ್ ಒತ್ತಿದರೆ ಬುಸ್ ಅನ್ನಬೇಕು, ಆದರೆ ವಿದೇಶಿ ಕಿಟ್ಟಿನ ಕಾಲು ಭಾಗದಲ್ಲಿ ಆಗಬೇಕು. ಹನಮಂತ ಕೆಂಪು ಶಂಕು ಫಿಲ್ಟರ್ ಹಾಕಲು ಒಪ್ಪಲಿಲ್ಲ. ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಂಡರೆ ಶಕ್ತಿ ಬರುವುದಿಲ್ಲ, ಸದ್ದು ಮಾತ್ರ ಬರುತ್ತದೆ ಎಂದ. ಕಂಪನಿಯ ಡಬ್ಬಿಯನ್ನೇ ಇಟ್ಟುಕೊಂಡ. ಅದರ ಮುಂದಿನ ಇಕ್ಕಟ್ಟಾದ ಕೊಳವೆ ತೆಗೆದು ಅಗಲ ಬಾಯಿಯದನ್ನು ಗ್ರಿಲ್ಲಿನ ಹಿಂದೆ, ತಂಪು ಗಾಳಿ ಸಿಗುವಲ್ಲಿ ಕೂಡಿಸಿದ. ಟರ್ಬೊಗೆ ಹೋಗುವ ಮೆತ್ತನೆ ರಬ್ಬರಿನ ಜಾಗದಲ್ಲಿ ಸಿಲಿಕಾನ್. ಎಂಜಿನ್ನಿನ ಕಾವು ತಾಗದಂತೆ ಅಡ್ಡ ಒಂದು ತಗಡು, ಅದು ಅಡುಗೆ ಎಣ್ಣೆಯ ಡಬ್ಬಿ ಕತ್ತರಿಸಿದ್ದು. ಒಳಗೆ ಹೊಸ ಕಾಗದದ ಫಿಲ್ಟರ್.

ಆಮ್ರಪಾಲಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಪ್ಪು ಹುಡುಕಲು ನೋಡಿದಳು. ಸಿಗಲಿಲ್ಲ.

"ಸಾವ್ಕಾರನ ಮಗಾ ಒಪ್ಪಿದನೇನು?"

"ಬೈದಾನ್ರಿ. 'ಡಬ್ಬಿ ತಗಡ ಹಚ್ಚಿ, ನನ್ನ ಗಾಡಿ ಏನ ಚಹಾದ ಅಂಗಡಿ ಏನ?' ಅಂದಾ. ಓಡಿಸಿ ನೋಡಿದ ಮ್ಯಾಲೆ ಸುಮ್ನಾದ."

"ಫಿಲ್ಟರಿಗಿ ಆಯಿಲ್ ಹಾಕಿದಿಯೇನು?"

ಹನಮಂತ ಅವಳನ್ನೇ ನೋಡಿದ, ಬೈಗುಳ ಕೇಳಿದವನ ಹಾಗೆ. "ಪೇಪರಿಗಿ ಯಾರರ ಆಯಿಲ್ ಹಾಕ್ತಾರೇನ್ರಿ? ಹದಿಮೂರ ವರ್ಷ ಆತ್ರಿ ಗ್ಯಾರೇಜ್ ಹಾಕಿ."

ಅಷ್ಟು ಸಾಕಿತ್ತು. ಅವಳು ಕಾರು ಹತ್ತಿದಳು.

ಗೋಕಾಕ ದಾಟಿ ಮೂಡಲಗಿ ಮುಟ್ಟುವತನಕ ಅವಳ ತಲೆಯಲ್ಲಿ ಆ ಆಯಿಲ್ಲಿನ ಬಣ್ಣವೇ ಇತ್ತು. ಶಿವಕುಮಾರ ಹಾಕಿದ್ದರೆ ಅದು ಕೆಂಪಗೆ, ತೆಳ್ಳಗೆ ಇರುತ್ತಿತ್ತು. ತಾನು ಬಯಸಿದ್ದ ಹತ್ತಿಯ ಶಂಕು ಫಿಲ್ಟರಿಗೆ ಹೊಡೆಯುವ ಎಣ್ಣೆಯ ಸ್ಪ್ರೇಯನ್ನು ಅವನು ಆಗಲೇ ತರಿಸಿದ್ದ. ಕಾರಿನ ಡಿಕ್ಕಿಯಲ್ಲಿ ಸಿಕ್ಕಿತ್ತು, ಸೀಲು ಒಡೆದಿರಲಿಲ್ಲ. ಕೊಳ್ಳುವುದಷ್ಟೇ ಅವನ ವಿದ್ಯೆ. ಈ ಕಾಗದ ಕುಡಿದದ್ದು ಟ್ರ್ಯಾಕ್ಟರಿನ ಆಯಿಲ್. ಹಳೆಯ ಟ್ರ್ಯಾಕ್ಟರುಗಳ ಗಾಳಿ ಡಬ್ಬಿಯ ತಳದಲ್ಲಿ ಒಂದು ಬಟ್ಟಲು ಇರುತ್ತದೆ, ಅದಕ್ಕೆ ಆಯಿಲ್ ತುಂಬಬೇಕು, ಧೂಳು ಅದರಲ್ಲಿ ಮುಳುಗುತ್ತದೆ. ಆ ಕಾಲದ ಟ್ರ್ಯಾಕ್ಟರ್ ಓಡಿಸಿದವನಿಗೆ ಗಾಳಿ ಡಬ್ಬಿ ಅಂದರೆ ಆಯಿಲ್. ಪರಪ್ಪ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದದ್ದು ಒಂದೇ ಕತೆ: ಒಂದು ಹಳೆ ಟ್ರ್ಯಾಕ್ಟರಿನಿಂದ ಮೇಲೆ ಬಂದೆ, ರಿಪೇರಿಗೆ ಯಾರನ್ನೂ ಕರೆಯಲಿಲ್ಲ.

ಗಾಡಿ ನಡುದಾರಿಯಲ್ಲಿ ನಿಂತರೆ ಸಾಕು, ಅಳಿಯನ ಸಾಕ್ಷಿ ತಪ್ಪುತ್ತದೆ. ಸಾಯಿಸುವ ಇರಾದೆ ಇರಬೇಕೆಂದೂ ಇಲ್ಲ. ಆಮ್ರಪಾಲಿಗೆ ದಾರಿ ಸರಳವಾಗಿ ಕಂಡಿತು.

ಪರಪ್ಪನ ಮನೆಗೆ ಮೂರು ಅಂತಸ್ತು, ಮುಂದೆಲ್ಲ ನೀಲಿ ಗಾಜು. ಒಳಗೆ ಹೋದರೆ ಅಮೃತಶಿಲೆಯ ನೆಲದ ಮೇಲೆ ಬೆಲ್ಲದ ಪೆಂಟಿಗಳ ಜಿಗುಟು. ಪರಪ್ಪ ತೂಗುಮಂಚದ ಮೇಲೆ ಕೂತು ಕಾಲಿನಿಂದ ನೆಲ ಒದ್ದು ತೂಗಿಕೊಳ್ಳುತ್ತಿದ್ದ. ಎದುರಿನ ಸೋಫಾದಲ್ಲಿ ಶಿವಕುಮಾರ ಮೊಬೈಲು ನೋಡುತ್ತಿದ್ದ. ಹೊಸ ಗಾಡಿಯ ಬಣ್ಣ ಆರಿಸುತ್ತಿದ್ದ ಎಂಬುದು ಅಲ್ಲಿಂದಲೇ ಕಾಣುತ್ತಿತ್ತು. ಒಳಬಾಗಿಲ ಬಳಿ ಶೋಭಾ ನೆಲದ ಮೇಲೆ ಕೂತು, ಕೇದಾರಿ ತಿದ್ದದೆ ಬಿಟ್ಟ ಉತ್ತರ ಪತ್ರಿಕೆಗಳನ್ನು ತರಗತಿವಾರು ಬೇರ್ಪಡಿಸಿ ದಾರದಿಂದ ಕಟ್ಟುತ್ತಿದ್ದಳು. ಶಾಲೆಗೆ ವಾಪಸು ಕಳಿಸಬೇಕಿತ್ತು. ಯಾರು ಬಂದರೆಂದು ತಲೆ ಎತ್ತಲಿಲ್ಲ.

ಚಹಾ ಬಂತು. ಅವರಿಗೆ ಪಿಂಗಾಣಿ ಕಪ್ಪು, ಆಮ್ರಪಾಲಿಗೆ ಕಾಗದದ್ದು. ಈ ಮನೆಯಲ್ಲಿ ಕಾಗದಕ್ಕೆ ಬಹಳ ಕೆಲಸ ಹಚ್ಚುತ್ತಾರೆ ಎಂದುಕೊಂಡಳು. ಮುಟ್ಟಲಿಲ್ಲ.

"ಮಾತ ರೆಕಾರ್ಡ್ ಮಾಡಿಕೋತೇನಿ, ಸಾವ್ಕಾರ್ರ. ನಡೀತೈತಿಲ್ಲೋ?" ಎಂದು ಫೋನನ್ನು ಮೇಜಿನ ಮೇಲಿಟ್ಟಳು.

"ಮಾಡಿಕೋ ತಂಗಿ, ಮಾಡಿಕೋ. ನಮ್ಮದೇನು ಮುಚ್ಚಿಡೂದೈತಿ?" ಪರಪ್ಪ ತೂಗಿದ. "ನಿಮ್ಮವನ ಪರವಾಗಿ ಬಂದಿ ಅಂತ ಗೊತ್ತೈತಿ. ಬರಬೇಕಾದ್ದ. ನಿಮ್ಮ ಮಂದಿಗೆ ನೀವ ಬರಲಿಲ್ಲಂದ್ರ ಯಾರ ಬರಬೇಕು?"

"ವಿಮಾ ಕಂಪನಿ ಪರವಾಗಿ ಬಂದೇನಿ. ನಿಮ್ಮ ಮಗಾ ಕ್ಲೇಮ್ ಹಾಕ್ಯಾರ."

"ಅದ ಅದ."

ಅವಳು ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫಿಲ್ಟರ್ ತೆಗೆದು ಕಪ್ಪಿನ ಬಾಜೂ ಇಟ್ಟಳು. ಶಿವಕುಮಾರ ಮೂಗು ಮುರಿದ.

"ಇದರಾಗ ಆಯಿಲ್ ಯಾರ ಹಾಕ್ಯಾರ?"

"ನಂಗೇನ್ ಗೊತ್ತ ಮೇಡಮ್? ನಾ ಬಾನೆಟ್ ಒಳಗ ಕೈನ ಹಚ್ಚೂದಿಲ್ಲ."

"ಅಂವ ಎಲ್ಲಿ ಕೈ ಹಚ್ಚತಾನ!" ಪರಪ್ಪ ಮಗನ ಕಡೆ ನೋಡದೆ ಅಂದ. "ಪಂಕ್ಚರ್ ಆದ್ರ ಅಪ್ಪಗ ಫೋನ್ ಹಚ್ಚಾವ."

"ಹಂಗಾರ ಹನಮಂತ ಹಾಕಿರಬೇಕು," ಎಂದಳು ಆಮ್ರಪಾಲಿ, ವರದಿ ಬರೆಯುವವಳ ಹಾಗೆ ಪೆನ್ನು ತೆಗೆದು. "ಗಾಡಿ ಕೊಡೂಕಿಂತ ಮೊದಲ ಆಯಿಲ್ ಹಾಕಿ ಕೊಟ್ಟ, ಅಂತ ಬರೀತೇನಿ."

ತೂಗುಮಂಚ ನಿಂತಿತು.

"ಆಂವಾ?" ಪರಪ್ಪ ನಕ್ಕ. ಹೊಟ್ಟೆ ಕುಣಿಯಿತು. "ಆ ಮಗಾ ಒಂದ ಹನಿ ಹಾಕಿರಲಿಲ್ಲ. ಬರಿ ಒಣಾ! ರೊಕ್ಕಾ ತಗೊಂಡ, ನಾಕ ಆಣೇದ ಎಣ್ಣಿ ಉಳಿಸ್ಯಾನ. ಎತ್ತಿನ ಬಂಡಿ ಗಾಲಿಗೂ ಎಣ್ಣಿ ಬಿಡತಾರ, ಇಂವಗ ಅಷ್ಟೂ ತಿಳೀಲಿಲ್ಲ. ಇವರ ಕೈಯಾಗ ಪಾನಾ ಸ್ಕ್ರೂಡ್ರೈವರ್ ಕೊಟ್ಟದ್ದ ತಪ್ಪ."

"ಹಂಗಾರ ಇದನ್ನ ಹಾಕಿದವ್ರು?"

"ನಾ ಹಾಕಿದ್ನಿ. ನನ್ನ ಕೈಲೇನ. ಚೊಲೋತಂಗ ಅದ್ದಿ ಅದ್ದಿ. ಬರಕೋ, 'ಮೆಕ್ಯಾನಿಕ್ ಮಾಡದ ಕೆಲಸಾ ಪರಪ್ಪ ಮಾಡಿದಾ' ಅಂತ ಬರಕೋ!"

ಆಮ್ರಪಾಲಿ ಬರೆದುಕೊಂಡಳು. ಕೊಲೆಗಾರನನ್ನು ಮಾತಿನಲ್ಲಿ ಕಟ್ಟಿಹಾಕಲು ದಾರಿಯುದ್ದಕ್ಕೂ ಒಂಬತ್ತು ಪ್ರಶ್ನೆ ಜೋಡಿಸಿಕೊಂಡು ಬಂದಿದ್ದಳು. ಒಂದೂ ಬೇಕಾಗಲಿಲ್ಲ. ಎದುರಿಗೆ ಕೂತವನು ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡು, ಗಂಟು ಸರಿಯಾಗಿ ಬಿಗಿದಿದೆಯೋ ನೋಡು ಎಂದು ತೋರಿಸುತ್ತಿದ್ದ.

"ಯಾವಾಗ ಹಾಕಿದ್ರಿ?"

"ಕೇದಾರಿ ಹೊಂಟ ಮುಂಜಾನಿ. ಅಂವ ಜಳಕಾ ಮಾಡಾಕ ಹೋದಾಗ. ನನ್ನ ವಿರುದ್ಧ ಸಾಕ್ಷಿ ಹೇಳಾಕ ಹೊಂಟಾಂವ. ಆದ್ರ ಮನಿ ಅಳಿಯ ನೋಡು, ದಾರ್‍ಯಾಗ ಗಾಡಿ ಕೈ ಕೊಡಬಾರದಂತ ಮಾಡಿದ್ನಿ. ಇಷ್ಟ ದೊಡ್ಡ ಮನಸ್ಸ ಯಾವ ಮಾವಗ ಇರತೈತಿ ಹೇಳು?"

"ಯಾರಿಗೂ ಇರೂದಿಲ್ಲ," ಎಂದಳು ಆಮ್ರಪಾಲಿ. "ಟ್ರ್ಯಾಕ್ಟರಿನ ಆಯಿಲ್ ಬಟ್ಟಲದಾಗ ಇರತೈತಿ, ಸಾವ್ಕಾರ್ರ. ಇದಕ್ಕ ಬಟ್ಟಲ ಎಲ್ಲೈತಿ?"

"ಅಂದ್ರ?"

"ಇದು ಕಾಗದ. ಒಣಾ ಇದ್ರನ ಉಸಿರ ಹಾಯತೈತಿ. ನೀವು ಗಾಡಿ ಮೂಗ ಮುಚ್ಚಿ ಕಳಿಸಿದ್ರಿ. ಹಿಂದ ಹಾಕಾಕ ಹೋದಾಗ ಹರದ ಒಳಗ ಹೋತು. ಅದಕ್ಕ ಗಾಡಿ ನಿಂತತು. ಅದಕ್ಕ ಕೇದಾರಿ ಸತ್ತಾರ."

ಶಿವಕುಮಾರ ಮೊದಲ ಸಲ ಮೊಬೈಲು ಕೆಳಗಿಟ್ಟ.

"ಅಪ್ಪಾ..."

"ಸುಮ್ಮಕಿರು!" ಪರಪ್ಪನ ದನಿ ಒಡೆಯಿತು. "ಮೂವತ್ತ ವರ್ಷ ಹಾಕೀನಿ ಆಯಿಲ್! ನನಗ ಹೇ‍ಳಾಕ ಬಂದಾಳ ಇಕಿ. ನಾ ಅಳಿಯನ್ನ ಕೊಂದ್ನಿ ಅಂತೀ ಏನು?"

"ನಾ ಏನೂ ಅಂದಿಲ್ಲ. ನೀವ ಅಂದ್ರಿ, ಇದು ಕೇಳಿಸಿಕೊಂಡೈತಿ." ಅವಳು ಫೋನಿನ ಕಡೆ ಗಲ್ಲ ಎತ್ತಿದಳು.

ದೊಡ್ಡ ಮನುಷ್ಯರು ಕುಗ್ಗುವುದು ಮೊದಲು ಕೈಯಲ್ಲಿ. ಪರಪ್ಪನ ಕೈ ತೂಗುಮಂಚದ ಸರಪಳಿ ಹುಡುಕಿ, ಸಿಗದೆ, ಮಡಿಲಿಗೆ ಬಿತ್ತು. ಆಮ್ರಪಾಲಿಗೆ ಕನಿಕರ ಹುಟ್ಟಲಿಲ್ಲ. ನಟಿಸುವಷ್ಟು ಬುದ್ಧಿ ಈ ಮನುಷ್ಯನಿಗೆ ಇಲ್ಲ ಎಂಬುದು ಮಾತ್ರ ಖಾತ್ರಿಯಾಯಿತು. ಇವನು ಕೊಲೆಗಾರನಲ್ಲ, ದಡ್ಡ. ಹತ್ತು ಊರಿಗೆ ಸಾವ್ಕಾರನಾದ ದಡ್ಡ.

ಎದ್ದು ಹೊರಡಬಹುದಿತ್ತು. ಹನಮಂತನನ್ನು ಬಿಡಿಸಲು ಇಷ್ಟು ಸಾಕು. ಆದರೆ ಒಂದು ಸಣ್ಣ ವಿಷಯ ಅವಳ ಹಲ್ಲಿಗೆ ಸಿಕ್ಕಿಕೊಂಡಿತ್ತು.

"ಮಗನ ಗಾಡಿ ಮನಿಗಿ ಬಂದು ಎರಡ ವರ್ಷ ಆತು. ಒಮ್ಮೆರ ಬಾನೆಟ್ ಎತ್ತೀರೇನು?"

"ಇಲ್ಲ. ನನಗ್ಯಾಕ ಅದರ ಉಸಾಬರಿ?"

"ಮತ್ತ ಅವತ್ತ ಮುಂಜಾನಿ ಯಾಕ ಎತ್ತಿದ್ರಿ? ಒಳಗ ಒಣಾ ಐತಿ ಅಂತ ಹೆಂಗ ಗೊತ್ತಾತು?"

"ಹೇಳಿದ್ರು. 'ಫಿಲ್ಟರ್ ಒಣಗೇತಿ' ಅಂತ."

"ಯಾರು?"

ಉತ್ತರವನ್ನು ಪರಪ್ಪನ ಕಣ್ಣು ಹೇಳಿತು. ಅದು ಒಳಬಾಗಿಲ ಕಡೆ ಹೋಯಿತು.

ಶೋಭಾ ಏಳನೆಯ ತರಗತಿಯ ಕಟ್ಟಿಗೆ ಗಂಟು ಹಾಕುತ್ತಿದ್ದಳು.

"ನಾ ಹೇಳಿದ್ನಿ," ಎಂದಳು.

ದನಿಯಲ್ಲಿ ಏನೂ ಇರಲಿಲ್ಲ. ಹಾಲು ಬಂದಿಲ್ಲ ಅನ್ನುವಾಗಲೂ ಜನ ಇದಕ್ಕಿಂತ ಹೆಚ್ಚು ದನಿ ಮಾಡುತ್ತಾರೆ.

"ನಿಮಗ ಹೆಂಗ ತಿಳೀತು?"

"ಗಾಡಿ ತರಾಕ ಗೋಕಾಕಕ್ಕ ನಾನ ಹೋಗಿದ್ನಿ. ಹನಮಂತ ಹೇಳಿದಾ."

"ಏನಂತ?"

"'ಡ್ರೈ ಫಿಲ್ಟರ್ ಹಾಕೀನಿ' ಅಂತ."

"ನೀವು ಅಪ್ಪಗ ಹೇಳಿದ್ದು?"

"'ಒಣಗೇತಿ' ಅಂತ."

"ಎರಡೂ ಒಂದ ಏನ್ರಿ? ಡ್ರೈ ಅನ್ನೂದು ಆ ಫಿಲ್ಟರಿನ ನಮೂನಿ. ಒಣಗೇತಿ ಅಂದ್ರ, ಇದ್ದ ಎಣ್ಣಿ ಆರೇತಿ, ಹಾಕಬೇಕು ಅಂತ ಅರ್ಥ."

"ಡ್ರೈ ಅಂದ್ರ ಒಣಾ. ಅಪ್ಪಗ ಇಂಗ್ಲಿಷ್ ಬರೂದಿಲ್ಲ. ಕನ್ನಡದಾಗ ಹೇಳಿದ್ನಿ."

"ನೀವೇನ್ ಕಲ್ತೀರಿ?"

"ಬಿ.ಎಸ್ಸಿ. ಫಿಸಿಕ್ಸ್."

ಶೋಭಾ ದಾರವನ್ನು ಹಲ್ಲಿನಿಂದ ಕಡಿದಳು. ಮುಂದಿನ ಕಟ್ಟು ಎತ್ತಿಕೊಂಡಳು.

ಆಮ್ರಪಾಲಿ ಆ ಕೈಗಳನ್ನು ನೋಡಿದಳು. ಪರಪ್ಪನಿಗೆ ಬೇಕಾದಷ್ಟು ತಾತ್ಸಾರ ಅವಳ ಬಳಿ ಇತ್ತು, ಅವನ ಮಗನಿಗೂ ಮಿಕ್ಕುತ್ತಿತ್ತು. ಈ ಹೆಂಗಸಿಗೆ ಕೊಡಲು ಹುಡುಕಿದರೂ ಸಿಗಲಿಲ್ಲ. ಅದು ಅವಳಿಗೆ ಸಿಟ್ಟು ತಂದಿತು.

ತಾನೇ ಎಲ್ಲ ಬಲ್ಲೆ ಎನ್ನುವ ಅಪ್ಪ, ಮೆಕ್ಯಾನಿಕ್ ಎಂದರೆ ಕಳ್ಳ ಎನ್ನುವ ಅಪ್ಪ. ಅವನ ಕಿವಿಗೆ ಒಂದು ಶಬ್ದ ಹಾಕಿದರೆ ಸಾಕು. ಉಳಿದ ಕೆಲಸವನ್ನು ಅವನ ಸೊಕ್ಕೇ ಮಾಡುತ್ತದೆ. ಕೈಗೆ ಎಣ್ಣೆ ಹತ್ತುವುದು ಅವನಿಗೆ. ಶಬ್ದಕ್ಕೆ ಕಲೆ ಉಳಿಯುವುದಿಲ್ಲ.

ಇಲ್ಲವೇ ಇದು ನಿಜಕ್ಕೂ ಒಂದು ಶಬ್ದದ ತಪ್ಪು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಬಾಲ ಕತ್ತರಿಸಿಕೊಂಡ ಶಬ್ದ.

"ಹನಮಂತ ಅಷ್ಟ ಹೇಳಿದನೇನು? 'ಆಯಿಲ್ ಹಾಕಬ್ಯಾಡ್ರಿ' ಅಂತ ಹೇಳಲಿಲ್ಲ?"

ಶೋಭಾ ಆಗ ತಲೆ ಎತ್ತಿದಳು.

"ಅದನ್ನ ಅವನ್ನ ಕೇಳ್ರಿ," ಎಂದಳು.

ವಾಪಸು ಬರುವಾಗ ಗೋಕಾಕದಲ್ಲಿ ನಿಂತು ಆಮ್ರಪಾಲಿ ವರದಿ ಅಚ್ಚು ಹಾಕಿಸಿದಳು. ಪೈಪು ಕಳಚಿಲ್ಲ, ಕೆಲಸದಲ್ಲಿ ದೋಷವಿಲ್ಲ, ಮುಚ್ಚಳ ತೆರೆದು ಆಯಿಲ್ ಹಾಕಿದವರು ಪರಪ್ಪ. ಹನಮಂತನ ಉತ್ತರಕ್ಕೆಂದು ಕೊನೆಯ ಪ್ಯಾರಾದ ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದಳು. ಹೊರಠಾಣೆ ಮುಟ್ಟಿದಾಗ ನಾಲ್ಕು ನಲವತ್ತು. ಜೀಪಿನ ಬಾಗಿಲು ಆಗಲೇ ತೆರೆದಿತ್ತು. ಗುಡ್ಡವ್ವ ಅಂಗಿ ಹಿಡಿದು ಎದ್ದು ನಿಂತಿದ್ದಳು, ಜೀಪು ಯಾಕೆ ಬಂತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ರಾಚಪ್ಪ ವರದಿ ಓದಿದ. ತುಟಿ ಅಲ್ಲಾಡಿಸಿ ಓದುವವನು.

"ಸಾವ್ಕಾರ್ರು ತಾವ ಒಪ್ಪ್ಯಾರ?"

"ಒಪ್ಪಿಲ್ಲ. ಹೊಗಳಿಕೊಂಡಾರ. ಕೇಳಿಸಲೇನು?"

ಅವನು ಬೇಡವೆಂದು ಕೈ ಆಡಿಸಿದ, ಬೆವರು ಒರೆಸಿಕೊಂಡ. ಅಂಗಿಯ ಕೊರಳು ಮೊದಲ ಸಲ ಒದ್ದೆಯಾಯಿತು.

ಹಿಂದಿನ ಕೋಣೆಯಲ್ಲಿ ಅವಳು ಎಲ್ಲವನ್ನೂ ಹನಮಂತನಿಗೆ ಹೇಳಿದಳು. ಹಳದಿ ಗೆರೆ ಉಳಿಸಿತು ಎಂದಳು. ಅವನು ತಲೆ ಆಡಿಸುತ್ತ ಕೇಳಿದ. ಮುಖ ಅರಳಬೇಕಿತ್ತು. ಅರಳಲಿಲ್ಲ.

"ಸಾವ್ಕಾರ್ರಿಗೆ ಒಣಾ ಐತಿ ಅಂತ ಯಾರ ಹೇಳಿದ್ರಂತ್ರಿ?"

"ಶೋಭಾ."

ಹನಮಂತ ಬಾಕಿನ ಮೇಲೆ ಕೂತ. ಅಲ್ಲಿಯವರೆಗೆ ನಿಂತೇ ಇದ್ದ.

"ಆಕಿಗೆ ನೀನ ಹೇಳಿದ್ದಿ ಅಂತ ಆಕಿ ಅಂತಾಳ. ನೀ ಆಕಿಗೆ ಏನ್ ಹೇಳಿದಿ? ಒಂದ ಅಕ್ಷರಾ ಬಿಡದ ಹೇಳು."

"ಡ್ರೈ ಫಿಲ್ಟರ್ ಹಾಕೀನಿ ಅಂತ ಹೇಳಿದ್ನಿ."

"ಮುಂದ?"

ಹನಮಂತ ಉಗುರಿನ ಸಂದಿಯ ಗ್ರೀಸ್ ಕೆರೆಯತೊಡಗಿದ.

"ಹನಮಂತಾ, ಹೊರಗ ಜೀಪ್ ನಿಂತೈತಿ. ಆಯಿಲ್ ಹಾಕಬ್ಯಾಡ್ರಿ ಅಂತ ನೀ ಹೇಳಿದ್ದರ, ಈಗ ಮನಿಗಿ ಹೋಗ್ತಿ. ಆಕಿ ತಿಳದು ತಿಳದು ಅರ್ಧಾ ಮಾತ ನುಂಗ್ಯಾಳ ಅಂತ ಆಗತೈತಿ, ಆಕಿ ಇಲ್ಲಿಗಿ ಬರಬೇಕಾಗತೈತಿ. ನೀ ಹೇಳದಿದ್ದರ, ಗಿರಾಕಿಗೆ ಎಚ್ಚರಿಕಿ ಕೊಡದ ಮೆಕ್ಯಾನಿಕ್ ನೀ. ಸಾವ್ಕಾರನ ವಕೀಲ ಅದೊಂದ ಮಾತ ಹಿಡಕೊಂಡು ಎಲ್ಲಾ ನಿನ್ನ ತಲಿ ಮ್ಯಾಲೆ ಹೊರಸತಾನ. ಈ ರಾಚಪ್ಪಗ ಅಷ್ಟ ಬೇಕಾಗೇತಿ."

"ಸಾವ್ಕಾರ್ರು ತಮ್ಮ ಬಾಯಿಲೇನ ಹೇಳ್ಯಾರಲ್ರಿ. ಅಷ್ಟಕ್ಕ ಬಿಡಾಕ ಬರೂದಿಲ್ಲೇನ್ರಿ? ಆ ಮಾತ ಕೇಳಬೇಕ ಏನ್ರಿ?"

"ಕೇಳೇನಿ. ಇನ್ನ ಬಿಡಾಕ ಬರೂದಿಲ್ಲ."

ಹದಿಮೂರು ವರ್ಷ ಪ್ರತಿ ಸ್ಕ್ರೂವಿನ ಮೇಲೆ ಗೆರೆ ಎಳೆದ ಮನುಷ್ಯ. ಕೊಟ್ಟ ಗಾಡಿಯ ಬಗ್ಗೆ ಅರ್ಧ ಮಾತು ಹೇಳಿ ಕಳಿಸುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಇಡೀ ದಿನದಲ್ಲಿ ಅವಳು ಮರ್ಯಾದೆ ಇಟ್ಟುಕೊಂಡಿದ್ದದ್ದು ಇವನೊಬ್ಬನ ಮೇಲೆ.

ಹನಮಂತ ಬಾಗಿಲ ಕಡೆ ನೋಡಿದ. ಅಲ್ಲಿ ಗುಡ್ಡವ್ವ ಅಂಗಿಯ ಗುಂಡಿ ಬಿಚ್ಚಿ, ತೊಡಿಸಲು ತಯಾರು ಮಾಡಿಕೊಂಡು ನಿಂತಿದ್ದಳು.

ಅವನು ಕಣ್ಣು ತೆಗೆದ. ಶೋಭಾಳ ಹೆಸರು ಕೇಳಿ ಕೂತವನು ಇನ್ನೂ ಎದ್ದಿರಲಿಲ್ಲ.

"ಹೇಳಿಲ್ಲಂತ ಬರಕೋರಿ, ಅಕ್ಕಾರ."

"ಹೇಳಿದಿಯೋ ಇಲ್ಲೋ, ಅದನ್ನ ಕೇಳಾಕತ್ತೇನಿ."

"ಹೇಳಿಲ್ಲಂತ ಬರಕೋರಿ."

ಆಮ್ರಪಾಲಿಯ ಪೆನ್ನು ಆ ನಾಲ್ಕು ಖಾಲಿ ಸಾಲುಗಳ ಮೇಲೆ ನಿಂತಿತು. ಅವಳ ಬೆನ್ನ ಹಿಂದೆ, ಒಳಗೆ ಬಂದಿದ್ದ ರಾಚಪ್ಪ, ಯಾರೂ ಹೇಳದೆಯೇ, ಹೊಸ ಹಾಳೆ ತೆಗೆದು ಹನಮಂತನ ಆ ಮಾತನ್ನು ಬರೆಯತೊಡಗಿದ್ದ.